ಲಿನಕ್ಸ್ ಅಂದರೆ ಎಲ್ಲವೂ ಧರ್ಮಕ್ಕೇ? ಮುಕ್ತ ತಂತ್ರಾಂಶಕ್ಕೆ ದುಡ್ಡು ಕೇಳುವುದರ ಹಿಂದಿನ ಲೆಕ್ಕ

ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನಮ್ಮ ಭಾವನ ಲ್ಯಾಪ್‌ಟಾಪಿಗೆ ಈಗ ಒಂಬತ್ತು ವರ್ಷ. ಕೀಲಿಗಳ ಮೇಲಿನ ಅಕ್ಷರ ಸವೆದಿವೆ, ಮೂಲೆಯಲ್ಲಿ ಒಂದಿಷ್ಟು ಎಣ್ಣೆ ಜಿಡ್ಡು ಕೂತಿದೆ. ಅಷ್ಟು ಬಿಟ್ಟರೆ ಗಟ್ಟಿಮುಟ್ಟು. ಆದರೆ ವಿಂಡೋಸ್ 11 ಅಷ್ಟು ಹಳೆಯ ಯಂತ್ರವನ್ನು ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಡೆಯುವ ಯಂತ್ರವನ್ನು ಗುಜರಿಗೆ ಹಾಕಲು ಭಾವನಿಗೆ ಮನಸ್ಸಿಲ್ಲ. ಹಬ್ಬಕ್ಕೆ ಹೋದಾಗ ಒಂದು ಮಧ್ಯಾಹ್ನ ಕೂತು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟೆ.

ಎರಡು ದಿನ ಎಲ್ಲ ಸುಸೂತ್ರ. ಮೂರನೆಯ ದಿನ ಅವರ ಮಗಳು ಬಂದಳು. ಅವಳಿಗೆ ಗೆಳತಿಯರ ಜೊತೆ ಭಾವಗೀತೆ ಹಾಡಿ ಯೂಟ್ಯೂಬಿಗೆ ಹಾಕುವ ಹುಚ್ಚು. ಹಾಡು ರೆಕಾರ್ಡ್ ಮಾಡಲು ಆರ್ಡೋರ್ ಎಂಬ ಅಪ್ಲಿಕೇಶನ್ ಚೆನ್ನಾಗಿದೆ ಎಂದು ಯಾರೋ ಹೇಳಿದ್ದರಂತೆ. ಅದರ ಜಾಲತಾಣ ತೆರೆದರೆ ಡೌನ್‌ಲೋಡ್ ಮಾಡುವ ಮೊದಲು ದುಡ್ಡಿನ ಪುಟ ಎದುರಾಯಿತು. ಭಾವ ನನ್ನ ಕಡೆ ತಿರುಗಿದರು. ‘ಏನಯ್ಯಾ, ಲಿನಕ್ಸ್ ಅಂದ್ರೆ ಎಲ್ಲ ಧರ್ಮಕ್ಕೆ ಅಂದಿದ್ದೆ. ಇಲ್ಲಿ ನೋಡಿದ್ರೆ ಕಾರ್ಡ್ ನಂಬರ್ ಕೇಳ್ತಾ ಇದ್ದಾರೆ!’

ನಾನು ಆ ಪುಟ ಮುಚ್ಚಿ, ಮಿಂಟ್‌ನೊಳಗೇ ಇರುವ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು, ಅದೇ ಆರ್ಡೋರ್ ಅನ್ನು ಒಂದು ಪೈಸೆ ಕೊಡದೆ ಹಾಕಿಕೊಟ್ಟೆ. ಭಾವನ ಗಲಿಬಿಲಿ ದುಪ್ಪಟ್ಟಾಯಿತು. ‘ಹಂಗಾದ್ರೆ ಇದು ಕದ್ದ ಮಾಲಾ?’

ಕದ್ದ ಮಾಲಲ್ಲ. ಅಲ್ಲಿ ದುಡ್ಡು ಕೇಳಿದವರದೂ ತಪ್ಪಿಲ್ಲ, ಇಲ್ಲಿ ಬಿಟ್ಟಿ ಕೊಟ್ಟವರದೂ ತಪ್ಪಿಲ್ಲ. ಇದು ಹೇಗೆ ಎಂದು ಬಿಡಿಸಿ ಹೇಳಲು ಆವತ್ತು ನನಗೆ ಎರಡು ಲೋಟ ಕಾಫಿಯ ಹೊತ್ತು ಬೇಕಾಯಿತು. ಹಳೆಯ ಲ್ಯಾಪ್‌ಟಾಪಿಗೆ ಹೊಸದಾಗಿ ಲಿನಕ್ಸ್ ಹಾಕಿಕೊಂಡಿರುವ ಬಹಳ ಮಂದಿಗೆ ಇದೇ ಪ್ರಶ್ನೆ ಬರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಒಂದೇ ಪದ, ನಮ್ಮಲ್ಲಿ ಬೇಕಾದಷ್ಟು

ಮೊದಲು ಒಂದೆರಡು ಪದ. ಯಂತ್ರದ ಪರದೆ, ಕೀಲಿಮಣೆ, ಡಿಸ್ಕುಗಳನ್ನೆಲ್ಲ ಸಂಭಾಳಿಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಅಂಥದ್ದೊಂದು, ಲಿನಕ್ಸ್ ಇನ್ನೊಂದು. ಅದರ ಮೇಲೆ ಕೂತು ನಮ್ಮ ಕೆಲಸ ಮಾಡಿಕೊಡುವವು ಅಪ್ಲಿಕೇಶನ್‌ಗಳು: ಪತ್ರ ಬರೆಯುವುದು, ಫೋಟೊ ತಿದ್ದುವುದು, ಲೆಕ್ಕ ಇಡುವುದು. ಪ್ರೋಗ್ರಾಮರ್ ಕೈಯಲ್ಲಿ ಬರೆದ, ಮನುಷ್ಯರು ಓದಬಲ್ಲ ರೂಪಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ಯಂತ್ರ ಓಡಿಸುವುದು ಅದನ್ನಲ್ಲ, ಅದನ್ನು ಪರಿವರ್ತಿಸಿ ತಯಾರಿಸಿದ ಇನ್ನೊಂದು ರೂಪವನ್ನು. ಅದನ್ನು ಓದಿ ಒಳಗೇನಿದೆ ಎಂದು ತಿಳಿಯುವುದು ಸುಲಭವಲ್ಲ.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಯೋಜನೆ ಘೋಷಿಸಿದರು. ಯಾರು ಬೇಕಾದರೂ ಬಳಸಬಹುದಾದ, ಸೋರ್ಸ್ ನೋಡಿ ಕಲಿಯಬಹುದಾದ, ತಿದ್ದಬಹುದಾದ, ತಿದ್ದಿದ್ದನ್ನು ಹಂಚಬಹುದಾದ ಒಂದು ಪೂರ್ಣ ಆಪರೇಟಿಂಗ್ ಸಿಸ್ಟಂ ಕಟ್ಟುವುದು ಅದರ ಗುರಿ. ಇದನ್ನು ಅವರು ಇಂಗ್ಲಿಷಿನಲ್ಲಿ ‘ಫ್ರೀ ಸಾಫ್ಟ್‌ವೇರ್’ ಎಂದು ಕರೆದರು. ತಲೆನೋವು ಶುರುವಾದದ್ದು ಅಲ್ಲಿಂದಲೇ. ಇಂಗ್ಲಿಷಿನಲ್ಲಿ ಸ್ವಾತಂತ್ರ್ಯಕ್ಕೂ ಫ್ರೀ, ಕಾಸಿಲ್ಲದೆ ಸಿಗುವುದಕ್ಕೂ ಫ್ರೀ. ನಾವು ಕನ್ನಡದವರು ಈ ಗೊಂದಲಕ್ಕೆ ಬೀಳಬೇಕಾಗಿಯೇ ಇರಲಿಲ್ಲ. ಮುಕ್ತ, ಸ್ವತಂತ್ರ ಎಂಬ ಪದಗಳು ಒಂದು ಕಡೆ, ಪುಕ್ಕಟೆ, ಬಿಟ್ಟಿ, ಧರ್ಮಕ್ಕೆ ಎಂಬ ಪದಗಳು ಇನ್ನೊಂದು ಕಡೆ ನಮ್ಮಲ್ಲಿ ಬೇರೆಬೇರೆಯಾಗಿಯೇ ಇವೆ. ಆದರೂ ‘ಫ್ರೀ’ ಅನ್ನು ಹಾಗೇ ಎತ್ತಿ ತಂದು, ಅದರ ಜೊತೆಗೇ ಅದರ ಗೊಂದಲವನ್ನೂ ತಂದುಕೊಂಡೆವು.

ಸ್ಟಾಲ್ಮನ್ ಅವರೇ 1985ರ ಸುಮಾರಿಗೆ ತಮ್ಮ ಈಮ್ಯಾಕ್ಸ್ ಎಂಬ ಎಡಿಟರನ್ನು ಟೇಪಿನಲ್ಲಿ ತುಂಬಿ 150 ಡಾಲರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಂದರೆ ಮುಕ್ತ ತಂತ್ರಾಂಶ ಮಾರುವುದು ಆ ಚಳವಳಿಯ ಮೊದಲ ದಿನಗಳಿಂದಲೇ ಇದೆ. ತಮಾಷೆಯೆಂದರೆ, ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಹೊರತಂದಾಗ ಅದರ ಲೈಸೆನ್ಸಿನಲ್ಲಿ ಹಂಚಲು ದುಡ್ಡು ತೆಗೆದುಕೊಳ್ಳಬಾರದು ಎಂಬ ಷರತ್ತು ಇತ್ತು. ಫ್ಲಾಪಿಯಲ್ಲಿ ತುಂಬಿ ಕೊಡುವವರು ಫ್ಲಾಪಿಯ ಬೆಲೆಯನ್ನಾದರೂ ಕೇಳಬೇಡವೇ? 1992ರಲ್ಲಿ ಅವರು ಆ ಷರತ್ತು ತೆಗೆದು, ಸ್ಟಾಲ್ಮನ್ ರೂಪಿಸಿದ್ದ ಜಿಪಿಎಲ್ ಲೈಸೆನ್ಸಿಗೆ ಬಂದರು. ಬೆಲೆಯ ಮೇಲಿನ ಬೇಲಿ ಹೋದ ಮೇಲೆಯೇ ಲಿನಕ್ಸ್ ಸುತ್ತ ಕಂಪನಿಗಳು ಹುಟ್ಟಿದವು.

ಜಿಪಿಎಲ್ ಹೇಳುವುದನ್ನು ಚಿಕ್ಕದಾಗಿ ಹೇಳುವುದಾದರೆ ಇಷ್ಟು: ನೀನು ಯಾರಿಗೆ ಪ್ರೋಗ್ರಾಂ ಕೊಡುತ್ತೀಯೋ ಅವರಿಗೆ ಸೋರ್ಸ್ ಕೂಡ ಸಿಗಬೇಕು, ಅವರು ಅದನ್ನು ತಿದ್ದಿ ಮುಂದಕ್ಕೆ ಕೊಡಲು ಅಡ್ಡಿ ಮಾಡುವಂತಿಲ್ಲ. ಬೆಲೆ ಎಷ್ಟು ಇಡಬೇಕೆಂದು ಅದು ಹೇಳುವುದೇ ಇಲ್ಲ. ಹತ್ತು ರೂಪಾಯಿಗೆ ಮಾರು, ಹತ್ತು ಲಕ್ಷಕ್ಕೆ ಮಾರು. ಆದರೆ ಕೊಂಡವನು ಮರುದಿನ ಊರಿಗೆಲ್ಲ ಹಂಚಿದರೆ ತಡೆಯಬೇಡ.

ದುಡ್ಡೇ ಬೇರೆ, ಬೀಗವೇ ಬೇರೆ

ಆದ್ದರಿಂದ ಒಂದು ಅಪ್ಲಿಕೇಶನ್ ಎದುರಾದರೆ ಕೇಳಬೇಕಾದ ಪ್ರಶ್ನೆಗಳು ಎರಡು. ದುಡ್ಡು ಕೊಡಬೇಕೇ? ಒಳಗೆ ಬೀಗ ಹಾಕಿದೆಯೇ? ಇವು ಒಂದಕ್ಕೊಂದು ಅಂಟಿಕೊಂಡಿಲ್ಲ. ನಿಮ್ಮ ಫೋನಿನಲ್ಲಿ ಪುಕ್ಕಟೆ ಸಿಗುವ ಬಹುಪಾಲು ಆ್ಯಪ್‌ಗಳು ಬೀಗ ಹಾಕಿದಂಥವು, ಸೋರ್ಸ್ ಯಾರಿಗೂ ಸಿಗುವುದಿಲ್ಲ. ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟಿಂಗ್ ತಂತ್ರಾಂಶ ಲಿನಕ್ಸಿನಲ್ಲೂ ಓಡುತ್ತದೆ. ಅದರ ಸಾಮಾನ್ಯ ಆವೃತ್ತಿಗೆ ಕಾಸಿಲ್ಲ, ಸ್ಟುಡಿಯೊ ಆವೃತ್ತಿಗೆ ಬೆಲೆ ಇದೆ, ಎರಡಕ್ಕೂ ಬೀಗವಿದೆ. ಕ್ರಿಟಾ ಎಂಬ ಚಿತ್ರ ಬಿಡಿಸುವ ಅಪ್ಲಿಕೇಶನ್ ಪೂರ್ತಿ ಮುಕ್ತ. ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಸ್ಟೀಮ್ ಮತ್ತು ಮೈಕ್ರೋಸಾಫ್ಟ್ ಆನ್‌ಲೈನ್ ಅಂಗಡಿಗಳಲ್ಲಿ ಅದನ್ನೇ ಬೆಲೆ ಹಾಕಿ ಮಾರುತ್ತಾರೆ. ಆ ಬೆಲೆ ಅದನ್ನು ಕಟ್ಟುವವರ ಸಂಬಳಕ್ಕೆ ಹೋಗುತ್ತದೆ.

ಲಿನಕ್ಸ್ ಬಳಗದಲ್ಲಿ ಬಹಳ ವರ್ಷಗಳಿಂದ ನಡೆಯುತ್ತಿರುವ ‘ಡೆಸ್ಕ್‌ಟಾಪ್ ಅಪ್ಲಿಕೇಶನ್‌ಗಳನ್ನು ಮಾರಬಹುದೇ’ ಎಂಬ ವಾದದಲ್ಲಿ ಅರ್ಧ ಜಗಳ ಈ ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಕಲಸಿಕೊಂಡದ್ದರಿಂದಲೇ. ಒಬ್ಬರು ದುಡ್ಡಿನ ಬಗ್ಗೆ ಮಾತಾಡುತ್ತಿರುತ್ತಾರೆ, ಎದುರಿನವರು ಬೀಗದ ಬಗ್ಗೆ ಉತ್ತರಿಸುತ್ತಿರುತ್ತಾರೆ.

ಬೀಸಿದ ಕೂಲಿ

ಈಗ ಆರ್ಡೋರ್‌ಗೆ ಬರೋಣ. ಇದು ಹಾಡು, ವಾದ್ಯಗಳನ್ನು ಪದರ ಪದರವಾಗಿ ರೆಕಾರ್ಡ್ ಮಾಡಿ ಹದಗೊಳಿಸುವ ತಂತ್ರಾಂಶ. ಪಾಲ್ ಡೇವಿಸ್ ಎಂಬ ಪ್ರೋಗ್ರಾಮರ್ ಶುರು ಮಾಡಿದ್ದು. ಜಿಪಿಎಲ್ ಅಡಿಯಲ್ಲಿದೆ, ಸೋರ್ಸ್ ಯಾರಿಗೆ ಬೇಕಾದರೂ ಪುಕ್ಕಟೆ. ಅವರ ಜಾಲತಾಣದಲ್ಲಿ ದುಡ್ಡು ಕೇಳುವುದು ಓಡಿಸಲು ಸಿದ್ಧವಾದ ರೂಪಕ್ಕೆ, ಅದೂ ನಿಮಗೆ ತೋಚಿದಷ್ಟು. ಕೊಡಲು ಮನಸ್ಸಿಲ್ಲದಿದ್ದರೆ ಪರೀಕ್ಷೆಗೆಂದು ಒಂದು ಆವೃತ್ತಿ ಇದೆ, ಹತ್ತು ನಿಮಿಷ ನುಡಿಸಿ ಆಮೇಲೆ ಮೌನವಾಗುತ್ತದೆ.

ಭಾವನಿಗೆ ಇದು ಅರ್ಥವಾದದ್ದು ಹಿಟ್ಟಿನ ಗಿರಣಿಯಿಂದ. ರಾಗಿ ನಮ್ಮ ಹೊಲದ್ದೇ. ಬೀಸಿಸಲು ಗಿರಣಿಗೆ ಹೋದರೆ ಆತ ಕೇಳುವುದು ರಾಗಿಯ ಬೆಲೆಯನ್ನಲ್ಲ, ಬೀಸಿದ ಕೂಲಿಯನ್ನು. ಮನೆಯಲ್ಲಿ ಬೀಸುವ ಕಲ್ಲಿದ್ದು ರಟ್ಟೆಯಲ್ಲಿ ಶಕ್ತಿಯಿದ್ದರೆ ನೀವೇ ಬೀಸಿಕೊಳ್ಳಿ, ಗಿರಣಿಯವನ ತಕರಾರಿಲ್ಲ. ಇನ್ನೊಬ್ಬ ಪುಣ್ಯಾತ್ಮ ಊರಿನವರಿಗೆಲ್ಲ ಬಿಟ್ಟಿ ಬೀಸಿಕೊಡುತ್ತೇನೆಂದು ಕೂತರೆ ಅದಕ್ಕೂ ಅಡ್ಡಿಯಿಲ್ಲ. ಸೋರ್ಸ್ ಕೋಡ್ ಎನ್ನುವುದು ರಾಗಿ, ಡಬಲ್ ಕ್ಲಿಕ್ ಮಾಡಿದರೆ ತೆರೆದುಕೊಳ್ಳುವ ಅಪ್ಲಿಕೇಶನ್ ಹಿಟ್ಟು.

ಲಿನಕ್ಸಿನಲ್ಲಿ ಆ ಬಿಟ್ಟಿ ಬೀಸಿಕೊಡುವ ಪುಣ್ಯಾತ್ಮರೇ ಡಿಸ್ಟ್ರೋಗಳು, ಅಂದರೆ ಲಿನಕ್ಸನ್ನು ಬೇಕಾದ ತಂತ್ರಾಂಶಗಳ ಜೊತೆ ಸೇರಿಸಿ ಕಟ್ಟಿಕೊಡುವ ಬೇರೆಬೇರೆ ಬಗೆಗಳು. ಡೆಬಿಯನ್, ಉಬುಂಟು, ಫೆಡೋರಾ ಮುಂತಾದವು ಸಾವಿರಾರು ಅಪ್ಲಿಕೇಶನ್‌ಗಳ ಸೋರ್ಸ್ ತಂದು, ತಾವೇ ಕಂಪೈಲ್ ಮಾಡಿ, ಅಂದರೆ ಬೀಸಿ, ತಮ್ಮ ಉಗ್ರಾಣದಲ್ಲಿ ಇಟ್ಟಿರುತ್ತವೆ. ನಾನು ಮಿಂಟ್‌ನಲ್ಲಿ ಆರ್ಡೋರ್ ತೆಗೆದದ್ದು ಅಂಥ ಉಗ್ರಾಣದಿಂದ. ಆದರೆ ಉಗ್ರಾಣದ ಹಿಟ್ಟು ಕೆಲವೊಮ್ಮೆ ಹಳೆಯದಾಗಿರುತ್ತದೆ, ಏನಾದರೂ ತೊಂದರೆಯಾದರೆ ಆರ್ಡೋರ್ ತಂಡ ‘ಅದು ನಾವು ಬೀಸಿದ್ದಲ್ಲ’ ಎನ್ನಬಹುದು.

ಈ ವ್ಯವಸ್ಥೆಯ ದುರ್ಬಲ ಕೊಂಡಿಯೂ ಇಲ್ಲೇ ಇದೆ. ಪಕ್ಕದಲ್ಲೇ ಬಿಟ್ಟಿ ಗಿರಣಿ ಇರುವಾಗ ಕೂಲಿ ಕೊಡುವವರು ಎಷ್ಟು ಜನ? ಎಲಿಮೆಂಟರಿ ಓಎಸ್ ಎಂಬ ಡಿಸ್ಟ್ರೋದವರು ತಮ್ಮ ಡೌನ್‌ಲೋಡ್ ಪುಟದಲ್ಲಿ ‘ಇಷ್ಟ ಬಂದಷ್ಟು ಕೊಡಿ’ ಪದ್ಧತಿ ತಂದರು, ಸೊನ್ನೆ ಬರೆದೂ ಇಳಿಸಿಕೊಳ್ಳಬಹುದಿತ್ತು. ಅಷ್ಟರವರೆಗೆ ಕಾಸು ಕೊಟ್ಟವರು ಸಾವಿರಕ್ಕೆ ಒಬ್ಬಿಬ್ಬರು ಎಂದು 2015ರಲ್ಲಿ ಅವರೇ ಹೇಳಿಕೊಂಡರು. ಕೊಡದವರ ಬಗ್ಗೆ ಸ್ವಲ್ಪ ಖಾರವಾಗಿಯೂ ಬರೆದು, ಗಲಾಟೆಯಾದ ಮೇಲೆ ಮಾತು ತಿದ್ದಿಕೊಂಡರು.

ಸರ್ವರ್‌ನಲ್ಲಿ ಸುಗ್ಗಿ, ಡೆಸ್ಕ್‌ಟಾಪ್‌ನಲ್ಲಿ ಬರ

ಹಾಗಾದರೆ ಲಿನಕ್ಸಿನಲ್ಲಿ ದುಡ್ಡೇ ಇಲ್ಲವೇ? ಬೇಕಾದಷ್ಟಿದೆ. ಲಿನಕ್ಸನ್ನೇ ನಂಬಿ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 34 ಬಿಲಿಯನ್ ಡಾಲರಿಗೆ, ಅಂದರೆ ಎರಡು ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತಕ್ಕೆ ಕೊಂಡಿತು. ಆದರೆ ರೆಡ್ ಹ್ಯಾಟ್ ಗಳಿಸಿದ್ದು ಮುಖ್ಯವಾಗಿ ಸರ್ವರ್‌ಗಳಿಂದ. ಬ್ಯಾಂಕಿನ ಸರ್ವರ್ ಒಂದು ಗಂಟೆ ನಿಂತರೆ ಆಗುವ ನಷ್ಟದ ಮುಂದೆ ವರ್ಷದ ಸೇವಾ ಒಪ್ಪಂದದ ಖರ್ಚು ಏನೂ ಅಲ್ಲ. ನಡುರಾತ್ರಿ ಫೋನ್ ಎತ್ತುವವರು ಒಬ್ಬರಿರಬೇಕು ಎಂದೇ ಅವರು ಹಣ ಕೊಡುತ್ತಾರೆ. ಮನೆಯ ಕಂಪ್ಯೂಟರ್ ಕೆಟ್ಟರೆ ನಾವು ಫೋನ್ ಮಾಡುವುದು ಅಕ್ಕನ ಮಗನಿಗೆ ಅಥವಾ ನನ್ನಂಥ ಭಾವಮೈದುನನಿಗೆ. ಅವನ ಬಿಲ್ಲು ಒಂದು ಊಟದಲ್ಲಿ ಮುಗಿಯುತ್ತದೆ. ಸೇವೆ ಮಾರುವ ವ್ಯಾಪಾರ ಡೆಸ್ಕ್‌ಟಾಪಿನಲ್ಲಿ ನಿಲ್ಲದಿರಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ನಿಲ್ಲಿಸಲು ನೋಡಿದವರಿದ್ದರು. ಕೆನಡಾದ ಕೋರೆಲ್ ಕಂಪನಿ 1998ರಲ್ಲಿ ಪತ್ರ ಬರೆಯುವ ತನ್ನ ತಂತ್ರಾಂಶ ವರ್ಡ್‌ಪರ್ಫೆಕ್ಟ್ 8 ಅನ್ನು ಲಿನಕ್ಸಿಗೆ ತಂದಿತು, ಮರುವರ್ಷ ತನ್ನದೇ ಡಿಸ್ಟ್ರೋ ಹೊರತಂದಿತು, 2000ದಲ್ಲಿ ಪೂರ್ತಿ ಆಫೀಸ್ ಪೆಟ್ಟಿಗೆಯನ್ನೇ ಮಾರುಕಟ್ಟೆಗೆ ಇಟ್ಟಿತು. ವ್ಯಾಪಾರ ಗಿಟ್ಟಲಿಲ್ಲ, 2001ರ ಹೊತ್ತಿಗೆ ಲಿನಕ್ಸ್ ವಿಭಾಗವನ್ನೇ ಕೈಬಿಟ್ಟಿತು. ವಿಂಡೋಸಿನ ಜನಪ್ರಿಯ ಆಟಗಳನ್ನು ಲಿನಕ್ಸಿಗೆ ಹೊಂದಿಸಿ ಪೆಟ್ಟಿಗೆಯಲ್ಲಿ ಮಾರುತ್ತಿದ್ದ ಲೋಕಿ ಎಂಬ ಕಂಪನಿ 1998ರಲ್ಲಿ ಹುಟ್ಟಿ 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಈಜಲ್ ಎಂಬ ಇನ್ನೊಂದು ಕಂಪನಿಯಲ್ಲಿ ಆ್ಯಪಲ್‌ನ ಮೊದಲ ಮ್ಯಾಕಿಂಟೋಷ್ ಕಟ್ಟಿದ ತಂಡದ ಆಂಡಿ ಹರ್ಟ್ಸ್‌ಫೆಲ್ಡ್ ಅಂಥವರಿದ್ದರು. ನಾಟಿಲಸ್ ಎಂಬ ಫೈಲ್ ಮ್ಯಾನೇಜರನ್ನು ಪುಕ್ಕಟೆ ಕೊಟ್ಟು, ಅದಕ್ಕೆ ಜೋಡಿಸಿದ ಆನ್‌ಲೈನ್ ಸೇವೆಗಳಿಂದ ಗಳಿಸುವುದು ಅವರ ಲೆಕ್ಕ. 2001ರ ಮಾರ್ಚಿನಲ್ಲಿ ನಾಟಿಲಸ್ 1.0 ಬಂತು, ಮೇ ತಿಂಗಳಲ್ಲಿ ಕಂಪನಿ ಮುಚ್ಚಿತು.

ಈ ಮೂರರಲ್ಲಿ ಒಂದು ವ್ಯತ್ಯಾಸ ಗಮನಿಸಿ. ಕೋರೆಲ್ ಕೈಬಿಟ್ಟ ಮೇಲೆ ಲಿನಕ್ಸಿನ ವರ್ಡ್‌ಪರ್ಫೆಕ್ಟ್ ಅಲ್ಲಿಗೇ ನಿಂತಿತು, ಮುಂದುವರಿಸಲು ಬೇರೆಯವರ ಕೈಯಲ್ಲಿ ಸೋರ್ಸ್ ಇರಲಿಲ್ಲ. ಈಜಲ್ ಮುಳುಗಿದರೂ ನಾಟಿಲಸ್ ಮುಳುಗಲಿಲ್ಲ. ಅದು ಮುಕ್ತವಾಗಿದ್ದರಿಂದ, ಲಿನಕ್ಸಿನ ಪರದೆಯ ನೋಟವನ್ನು ಕಟ್ಟುವ ಗ್ನೋಮ್ ಎಂಬ ಬಳಗ ಅದನ್ನು ಸಾಕಿಕೊಂಡಿತು. ಇವತ್ತು ಉಬುಂಟುವಿನಲ್ಲಿ ‘ಫೈಲ್ಸ್’ ಎಂದು ತೆರೆದುಕೊಳ್ಳುವುದು ಅದರದೇ ಮುಂದುವರಿಕೆ.

ಒಂದೂರಿನ ಸೇರು ಇನ್ನೊಂದೂರಿನ ಸೇರಲ್ಲ

ಮಾರಾಟ ಕಷ್ಟವಾಗಲು ಗಿರಾಕಿಗಳ ಸಂಖ್ಯೆ ಕಡಿಮೆ ಎನ್ನುವುದು ಒಂದು ಕಾರಣ. ಜಾಲತಾಣಗಳಿಗೆ ಬರುವವರ ಎಣಿಕೆ ಮಾಡುವ ಸ್ಟ್ಯಾಟ್‌ಕೌಂಟರ್ ಪ್ರಕಾರ ಜಗತ್ತಿನ ಡೆಸ್ಕ್‌ಟಾಪ್‌ಗಳಲ್ಲಿ ಲಿನಕ್ಸ್ ಪಾಲು ಶೇ 4 ದಾಟಿದ್ದೇ 2024ರಲ್ಲಿ. ಇನ್ನೊಂದು ಕಾರಣ ತಾಂತ್ರಿಕ. ಮೊದಲೆಲ್ಲ ಒಂದೊಂದು ಸೀಮೆಗೆ ಒಂದೊಂದು ಸೇರಿನ ಅಳತೆ ಇತ್ತಲ್ಲ, ಡಿಸ್ಟ್ರೋಗಳ ಕಥೆಯೂ ಹಾಗೇ. ಪ್ರತಿ ಅಪ್ಲಿಕೇಶನ್ ತನಗೆ ಬೇಕಾದ ನೂರಾರು ಸಣ್ಣಪುಟ್ಟ ಕೆಲಸಗಳಿಗೆ ಲೈಬ್ರರಿಗಳೆಂಬ ಸಿದ್ಧ ತುಣುಕುಗಳನ್ನು ಆಶ್ರಯಿಸುತ್ತದೆ. ಡೆಬಿಯನ್‌ನಲ್ಲಿ ಒಂದು ಲೈಬ್ರರಿಯ ಹಳೆಯ ಆವೃತ್ತಿ, ಫೆಡೋರಾದಲ್ಲಿ ಹೊಸದು. ಒಂದರ ಪ್ಯಾಕೇಜು ಡೆಬ್, ಇನ್ನೊಂದರದು ಆರ್‌ಪಿಎಂ. ಸೋರ್ಸ್ ಮುಕ್ತವಾಗಿದ್ದರೆ ಆಯಾ ಡಿಸ್ಟ್ರೋದವರೇ ತಮ್ಮ ಅಳತೆಗೆ ಹೊಂದಿಸಿಕೊಳ್ಳುತ್ತಾರೆ. ಬೀಗ ಹಾಕಿದ ಅಪ್ಲಿಕೇಶನ್ ಆದರೆ ಅಷ್ಟೂ ಅಳತೆಗಳಿಗೆ ಮಾರುವವನೇ ಹೊಲಿದುಕೊಡಬೇಕು, ಆರು ತಿಂಗಳಿಗೊಮ್ಮೆ ಡಿಸ್ಟ್ರೋದ ಹೊಸ ಆವೃತ್ತಿ ಬಂದಾಗ ಮತ್ತೆ ಬಿಚ್ಚಿ ಹೊಲಿಯಬೇಕು. ಡಾವಿಂಚಿ ರಿಸಾಲ್ವ್‌ನಂಥ ದೊಡ್ಡ ಕಂಪನಿಯ ಉತ್ಪನ್ನಕ್ಕೂ ಅಧಿಕೃತ ಬೆಂಬಲ ಇರುವುದು ರಾಕಿ ಲಿನಕ್ಸ್ ಎಂಬ ಡಿಸ್ಟ್ರೋಗೆ. ಮಿಂಟ್, ಉಬುಂಟುವಿನವರು ತಾವೇ ತಿಣುಕಾಡಿ ಹಾಕಿಕೊಳ್ಳುತ್ತಾರೆ.

ಇದಕ್ಕೆ ಈಚಿನ ಪರಿಹಾರ ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್ ಎಂಬ ಕಟ್ಟುಗಳು. ಇವುಗಳಲ್ಲಿ ಅಪ್ಲಿಕೇಶನ್ ತನಗೆ ಬೇಕಾದ ಲೈಬ್ರರಿಗಳ ಬುತ್ತಿಯನ್ನು ಕಟ್ಟಿಕೊಂಡೇ ಬರುತ್ತದೆ. ಹೋದ ಊರಿನಲ್ಲಿ ಅನ್ನ ಸಿಗುತ್ತದೋ ರೊಟ್ಟಿ ಸಿಗುತ್ತದೋ ಎಂಬ ಚಿಂತೆ ಇಲ್ಲ. ಡಿಸ್ಕಿನಲ್ಲಿ ಜಾಗ ಜಾಸ್ತಿ ತಿನ್ನುತ್ತದೆ, ನಿಜ. ಆದರೆ ಒಂದು ಸಲ ಕಟ್ಟಿದ್ದು ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತದೆ. ಆಟಗಳ ಮಟ್ಟಿಗೆ ವಾಲ್ವ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. 2013ರಲ್ಲಿ ತನ್ನ ಸ್ಟೀಮ್ ಅಂಗಡಿಯನ್ನು ಲಿನಕ್ಸಿಗೆ ತಂದಿತು, 2018ರಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲೇ ಓಡಿಸುವ ಪ್ರೋಟಾನ್ ಕೊಟ್ಟಿತು, 2022ರಲ್ಲಿ ಲಿನಕ್ಸ್ ತುಂಬಿದ ಸ್ಟೀಮ್ ಡೆಕ್ ಎಂಬ ಕೈಯಂತ್ರವನ್ನೇ ಮಾರಿತು. ಲೋಕಿ ಸೋತ ಜಾಗದಲ್ಲಿ ಹನ್ನೊಂದು ವರ್ಷ ಬಿಟ್ಟು ಅಂಗಡಿ ಹಾಕಿದ ಇವರ ವ್ಯಾಪಾರ ನಡೆಯುತ್ತಿದೆ. ಆ ಅಂಗಡಿಯಲ್ಲಿ ಬಿಕರಿಯಾಗುವುದು ಬಹುಪಾಲು ಬೀಗ ಹಾಕಿದ ಸರಕೇ.

ಕ್ಯೂಟಿ ಜಗಳ

ಬೀಗದ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಹಳೆಯ ಜಗಳವನ್ನು ಹೇಳಲೇಬೇಕು. ಲಿನಕ್ಸ್ ಬಳಸುವವರು ಇಂದಿಗೂ ‘ನಿಮ್ಮದು ಕೆಡಿಇಯೋ ಗ್ನೋಮೋ’ ಎಂದು ಕೇಳುವುದರ ಮೂಲ ಅಲ್ಲಿದೆ.

1996ರಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಕ್ ಸಾಮಾನ್ಯರೂ ಬಳಸಬಹುದಾದ ಚೆಂದದ ಡೆಸ್ಕ್‌ಟಾಪ್ ಒಂದನ್ನು, ಅಂದರೆ ಪರದೆಯ ಮೇಲೆ ಕಾಣುವ ಕಿಟಕಿ, ಮೆನುಗಳ ವ್ಯವಸ್ಥೆಯನ್ನು, ಲಿನಕ್ಸಿಗೆ ಕಟ್ಟೋಣ ಎಂದು ಕರೆ ಕೊಟ್ಟರು. ಅದೇ ಕೆಡಿಇ. ಕಿಟಕಿ, ಗುಂಡಿ, ಮೆನುಗಳನ್ನು ಬಿಡಿಸಲು ಅವರು ಆರಿಸಿಕೊಂಡದ್ದು ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ ಎಂಬ ಟೂಲ್‌ಕಿಟ್. ಕ್ಯೂಟಿ ಸೊಗಸಾಗಿತ್ತು. ಮುಕ್ತ ತಂತ್ರಾಂಶ ಬರೆಯುವವರಿಗೆ ಪುಕ್ಕಟೆಯೂ ಇತ್ತು. ಆದರೆ ಮುಕ್ತವಾಗಿರಲಿಲ್ಲ: ಸೋರ್ಸ್ ನೋಡಬಹುದಿತ್ತು, ತಿದ್ದಿ ಹಂಚುವಂತಿರಲಿಲ್ಲ. ಮನೆಯೆಲ್ಲ ನಮ್ಮದು, ಅಡಿಪಾಯ ಮಾತ್ರ ಬೇರೆಯವರ ಹೆಸರಿನಲ್ಲಿ ಎಂದ ಹಾಗೆ. ನಾಳೆ ಟ್ರೋಲ್‌ಟೆಕ್ ಮನಸ್ಸು ಬದಲಿಸಿದರೆ, ಅಥವಾ ಅದನ್ನು ಇನ್ಯಾರೋ ಕೊಂಡುಕೊಂಡರೆ?

ಈ ಭಯದಿಂದಲೇ 1997ರಲ್ಲಿ ಮೆಕ್ಸಿಕೊದ ಮಿಗೆಲ್ ದೆ ಇಕಾಝಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಶುರು ಮಾಡಿದರು. ಅವರು ಬಳಸಿದ್ದು ಜಿಟಿಕೆ ಟೂಲ್‌ಕಿಟ್. ಅದು ಜಿಂಪ್ ಎಂಬ ಫೋಟೊ ತಿದ್ದುವ ಅಪ್ಲಿಕೇಶನ್‌ಗಾಗಿ ಹುಟ್ಟಿದ್ದು, ಪೂರ್ತಿ ಮುಕ್ತ. ಒಂದು ಲೈಸೆನ್ಸಿನ ಒಂದು ಷರತ್ತಿನಿಂದಾಗಿ ಎರಡು ಬಳಗಗಳು ಅದೇ ಕೆಲಸವನ್ನು ಎರಡು ಸಲ ಮಾಡಬೇಕಾಯಿತು.

ಟ್ರೋಲ್‌ಟೆಕ್ ಹಟ ಹಿಡಿಯಲಿಲ್ಲ. 1998ರಲ್ಲಿ ಕೆಡಿಇಯೊಂದಿಗೆ ಒಂದು ಪ್ರತಿಷ್ಠಾನ ಕಟ್ಟಿ, ತಾನು ಮುಕ್ತ ಆವೃತ್ತಿ ನಿಲ್ಲಿಸಿದರೆ ಕ್ಯೂಟಿಯನ್ನು ಸಡಿಲ ಲೈಸೆನ್ಸಿನಲ್ಲಿ ಎಲ್ಲರಿಗೂ ಬಿಟ್ಟುಕೊಡಬೇಕೆಂದು ಬರೆದುಕೊಟ್ಟಿತು. 2000ದ ಸೆಪ್ಟೆಂಬರಿನಲ್ಲಿ ಕ್ಯೂಟಿ ಜಿಪಿಎಲ್ ಅಡಿಗೆ ಬಂತು. ಅಲ್ಲೊಂದು ಜಾಣ ವ್ಯಾಪಾರವಿತ್ತು: ನೀನು ಮುಕ್ತ ಅಪ್ಲಿಕೇಶನ್ ಬರೆದರೆ ಕ್ಯೂಟಿ ಪುಕ್ಕಟೆ, ಬೀಗ ಹಾಕಿ ಮಾರುತ್ತೀಯಾದರೆ ನನಗೆ ಶುಲ್ಕ ಕೊಡು. ಜಿಪಿಎಲ್‌ನ ಕಟ್ಟುನಿಟ್ಟೇ ಇಲ್ಲಿ ಆದಾಯದ ಮೂಲ, ಏಕೆಂದರೆ ಆ ಕಟ್ಟಿನಿಂದ ಹೊರಗಿರಬೇಕೆನ್ನುವವನು ಹಣ ಕೊಟ್ಟು ಹೊರಗಿರುತ್ತಾನೆ. ಇದಕ್ಕೆ ಜೋಡಿ ಲೈಸೆನ್ಸ್ ಪದ್ಧತಿ ಎನ್ನುತ್ತಾರೆ. 2008ರಲ್ಲಿ ನೋಕಿಯಾ ಟ್ರೋಲ್‌ಟೆಕ್ಕನ್ನು ಕೊಂಡು, ಮರುವರ್ಷ ಷರತ್ತನ್ನು ಇನ್ನೂ ಸಡಿಲಿಸಿತು. ಆ ಹೊತ್ತಿಗೆ ಎರಡು ಡೆಸ್ಕ್‌ಟಾಪ್‌ಗಳೂ ಬೇರೂರಿದ್ದವು.

ಹಾಗಾದರೆ ಯಾರು ಕೊಡುತ್ತಿದ್ದಾರೆ?

ಇವತ್ತು ನೀವು ಲಿನಕ್ಸಿನಲ್ಲಿ ಪತ್ರ ಬರೆಯುವ ಲಿಬ್ರೆಆಫೀಸ್ ಹುಟ್ಟಿದ್ದು ಮಾರಾಟದ ಸರಕಾಗಿ. ಜರ್ಮನಿಯ ಸ್ಟಾರ್‌ಡಿವಿಷನ್ ಕಂಪನಿಯ ಸ್ಟಾರ್‌ಆಫೀಸನ್ನು 1999ರಲ್ಲಿ ಸನ್ ಕಂಪನಿ ಕೊಂಡು, 2000ದಲ್ಲಿ ಸೋರ್ಸ್ ಬಿಡುಗಡೆ ಮಾಡಿತು. 2002ರಲ್ಲಿ ಒಂದೇ ಗಿಡದ ಎರಡು ಕೊಂಬೆ: ಓಪನ್‌ಆಫೀಸ್ 1.0 ಪುಕ್ಕಟೆ, ಅದಕ್ಕೆ ಫಾಂಟು, ಟೆಂಪ್ಲೇಟು, ಬೆಂಬಲ ಸೇರಿಸಿದ ಸ್ಟಾರ್‌ಆಫೀಸ್ 6.0ಕ್ಕೆ 76 ಡಾಲರ್. 2010ರಲ್ಲಿ ಸನ್ ಕಂಪನಿ ಒರೇಕಲ್ ಪಾಲಾಯಿತು. ಅದೇ ಸೆಪ್ಟೆಂಬರಿನಲ್ಲಿ ಬಹಳಷ್ಟು ಡೆವಲಪರ್‌ಗಳು ಸೋರ್ಸ್ ಎತ್ತಿಕೊಂಡು ಹೊರನಡೆದು, ಲಿಬ್ರೆಆಫೀಸ್ ಎಂಬ ಹೊಸ ಹೆಸರಿಟ್ಟರು. ಈಗ ಅದರ ಕೋಡ್ ಬರೆಯುವವರಲ್ಲಿ ಕೊಲಾಬೊರಾದಂಥ ಕಂಪನಿಗಳ ಸಂಬಳದ ನೌಕರರೇ ಬಹಳ. ಸರ್ಕಾರಗಳು, ದೊಡ್ಡ ಸಂಸ್ಥೆಗಳು ಆ ಕಂಪನಿಗಳಿಂದ ಬೆಂಬಲ ಕೊಳ್ಳುತ್ತವೆ, ಅದರ ಫಲ ಮನೆಬಳಕೆಯವರಿಗೂ ದಕ್ಕುತ್ತದೆ.

ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದ ಕಥೆ ಇನ್ನೂ ಸ್ವಾರಸ್ಯದ್ದು. ನೆದರ್ಲೆಂಡ್ಸಿನಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ 2002ರಲ್ಲಿ ಮುಳುಗಿತು. ಬಂಡವಾಳ ಹಾಕಿದವರ ಕೈಯಲ್ಲಿ ಸಿಕ್ಕಿಬಿದ್ದಿದ್ದ ಸೋರ್ಸನ್ನು ಬಿಡಿಸಿಕೊಳ್ಳಲು ಒಂದು ಲಕ್ಷ ಯೂರೊ ಬೇಕಿತ್ತು. ಕರ್ತೃ ಟೋನ್ ರೋಸೆಂಡಾಲ್ ಜೋಳಿಗೆ ಹಿಡಿದರು, ಏಳು ವಾರದಲ್ಲಿ ಬಳಕೆದಾರರೇ ಅಷ್ಟೂ ಹಣ ಸೇರಿಸಿದರು. ಆ ಅಕ್ಟೋಬರಿನಲ್ಲಿ ಬ್ಲೆಂಡರ್ ಜಿಪಿಎಲ್ ಅಡಿ ಹೊರಬಂತು. ಈಗ ಅದಕ್ಕೆ ಕಂಪನಿಗಳೂ ವ್ಯಕ್ತಿಗಳೂ ತಿಂಗಳ ದೇಣಿಗೆ ಕೊಡುತ್ತಾರೆ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ಆನಿಮೇಷನ್ ಚಿತ್ರ ತಯಾರಾದದ್ದು ಬ್ಲೆಂಡರ್‌ನಲ್ಲೇ.

ನಮ್ಮ ಬೆಂಗಳೂರಿನಿಂದಲೂ ಈ ಹುಂಡಿಗೆ ಕಾಣಿಕೆ ಬೀಳುತ್ತಿದೆ. ಷೇರು ವಹಿವಾಟಿನ ಜೆರೋಧಾ ಕಂಪನಿ 2024ರ ಅಕ್ಟೋಬರಿನಲ್ಲಿ ಜಗತ್ತಿನ ಯಾವುದೇ ಮುಕ್ತ ತಂತ್ರಾಂಶ ಯೋಜನೆಗೆ ಸಿಗುವಂತೆ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು.

ಮಾರುಕಟ್ಟೆ ಕಣ್ಣೆತ್ತಿ ನೋಡದ ಕೆಲಸಗಳೂ ಇವೆ, ಕನ್ನಡ ಅದಕ್ಕೆ ಒಳ್ಳೆಯ ಸಾಕ್ಷಿ. ಯಾವ ವ್ಯಾಪಾರಿಯೂ ಲಾಭ ನೋಡಿ ಲಿನಕ್ಸಿನ ಮೆನುಗಳನ್ನು ಕನ್ನಡಕ್ಕೆ ತರುತ್ತಿರಲಿಲ್ಲ. ಸೋರ್ಸ್ ತೆರೆದಿದ್ದರಿಂದ ಸ್ವಯಂಸೇವಕರು ಕೂತು ತಂದರು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಬೆರಳು ಪಳಗಿದವರಿಗೆ ಲಿನಕ್ಸಿನ ಐಬಸ್ ಎಂಬ ಟೈಪಿಂಗ್ ಸಲಕರಣೆಯಲ್ಲಿ ಅದೇ ವಿನ್ಯಾಸ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ, ಕಾಸಿಲ್ಲದೆ. ಇಂಥ ಕಡೆ ದುಡ್ಡಿಗಿಂತ ಬೀಗ ಇಲ್ಲದಿರುವುದೇ ದೊಡ್ಡದು.

ಬೀಗದ ಪರವಾಗಿ ಏನಾದರೂ ಹೇಳಬಹುದೇ?

ಹೇಳಬಹುದು. ನಿರ್ದಿಷ್ಟ ಕಸುಬಿನ ತಂತ್ರಾಂಶಗಳಲ್ಲಿ ಬೇಸರದ ಕೆಲಸವೇ ಹೆಚ್ಚು. ತೆರಿಗೆ ನಿಯಮ ಬದಲಾದಾಗಲೆಲ್ಲ ಲೆಕ್ಕದ ತಂತ್ರಾಂಶವನ್ನು ತಿದ್ದಬೇಕು. ಅದನ್ನು ಯಾರೂ ಹವ್ಯಾಸಕ್ಕೆ ಮಾಡುವುದಿಲ್ಲ. ಪ್ರತಿ ಪ್ರತಿಗೂ ಬೆಲೆ ಪಡೆಯುವ ಕಂಪನಿಗೆ ಆ ಕೆಲಸ ಮಾಡಿಸಲು ಸಂಬಳದ ಜನರಿರುತ್ತಾರೆ. ಹತ್ತು ವರ್ಷ ತಲೆ ಕೆಡಿಸಿಕೊಂಡು ಬರೆದದ್ದನ್ನು ಎರಡನೆಯ ದಿನವೇ ಯಾರೋ ಬಿಟ್ಟಿ ಹಂಚಿದರೆ ಒಬ್ಬಂಟಿ ಪ್ರೋಗ್ರಾಮರನ ಸಂಸಾರ ನಡೆಯುವುದು ಕಷ್ಟ ಎಂಬ ಮಾತಿನಲ್ಲೂ ಹುರುಳಿದೆ. ಪಿಕ್ಸೆಲ್ ಚಿತ್ರಗಳನ್ನು ಬಿಡಿಸುವ ಏಸ್‌ಪ್ರೈಟ್ ಇದೇ ಕಾರಣಕ್ಕೆ 2016ರಲ್ಲಿ ಜಿಪಿಎಲ್ ಬಿಟ್ಟಿತು. ಸೋರ್ಸ್ ಈಗಲೂ ಕಾಣುತ್ತದೆ, ನೀವೇ ಬೀಸಿಕೊಂಡು ಬಳಸಬಹುದು, ಬೇರೆಯವರಿಗೆ ಹಂಚುವಂತಿಲ್ಲ. ಅದಕ್ಕೂ ಹಿಂದಿನ ಜಿಪಿಎಲ್ ಆವೃತ್ತಿಯನ್ನು ಹಿಡಿದು ಇನ್ನು ಕೆಲವರು ಲಿಬ್ರೆಸ್ಪ್ರೈಟ್ ಎಂದು ಬೇರೆ ಒಲೆ ಹಚ್ಚಿದರು. ಒಮ್ಮೆ ಮುಕ್ತವಾಗಿ ಕೊಟ್ಟದ್ದನ್ನು ವಾಪಸ್ ಪಡೆಯಲು ಬರುವುದಿಲ್ಲ.

ಬಳಸುವವರ ಕಡೆಯಿಂದ ಬೀಗದ ನಿಜವಾದ ಬೆಲೆ ಗೊತ್ತಾಗುವುದು ಕೊಳ್ಳುವಾಗ ಅಲ್ಲ, ಬಿಡುವಾಗ. ನಿಮ್ಮ ಹತ್ತು ವರ್ಷದ ಕಡತಗಳು ಆ ಒಂದು ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವ ರೂಪದಲ್ಲಿದ್ದರೆ ನೀವು ಅಲ್ಲಿಂದ ಕದಲಲಾರಿರಿ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಕಡತವನ್ನು ಬೇರೆ ಯಂತ್ರದಲ್ಲಿ ತೆರೆದು, ಪರದೆ ತುಂಬ ರೋಮನ್ ಅಕ್ಷರಗಳ ಕಲಸುಮೇಲೋಗರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಲಿನಕ್ಸಿನಲ್ಲಿ ದುಡ್ಡು ಕೊಟ್ಟು ಏನಾದರೂ ಕೊಳ್ಳುವ ಮೊದಲು ಬೆಲೆ ವಿಚಾರಿಸಿದ ಹಾಗೆಯೇ ಇದನ್ನೂ ವಿಚಾರಿಸಿ: ನನ್ನ ಕಡತಗಳನ್ನು ಬೇರೆ ತಂತ್ರಾಂಶ ಓದುವಂಥ ರೂಪದಲ್ಲಿ ಹೊರತೆಗೆಯಬಹುದೇ? ನನ್ನ ಡಿಸ್ಟ್ರೋಗೆ ಬೆಂಬಲ ಇದೆಯೇ? ಒಂದೇ ಸಲದ ಬೆಲೆಯೋ, ವರ್ಷ ವರ್ಷ ಕಟ್ಟಬೇಕೋ?

ಭಾವನ ಮಂಡಿ ಲೆಕ್ಕದ ತಂತ್ರಾಂಶ ಮಾರುವವರಿಗೆ ಫೋನ್ ಮಾಡಿ ಈ ಪ್ರಶ್ನೆಗಳನ್ನೇ ಕೇಳಿದೆವು. ‘ಲಿನಕ್ಸಾ? ಅದಕ್ಕೆಲ್ಲ ಇಲ್ಲ ಸರ್’ ಎಂದರು. ಭಾವ ದುಡ್ಡು ಕೊಡಲು ತಯಾರಿದ್ದರು, ಪ್ರತಿ ವರ್ಷ ಕೊಡುತ್ತಲೇ ಬಂದಿದ್ದಾರೆ, ತೆಗೆದುಕೊಳ್ಳುವವರೇ ಇರಲಿಲ್ಲ. ಕೊನೆಗೆ ಡಿಸ್ಕನ್ನು ಎರಡು ಪಾಲು ಮಾಡಿದೆ. ಒಂದರಲ್ಲಿ ಮಿಂಟ್, ಇನ್ನೊಂದರಲ್ಲಿ ಇಂಟರ್‌ನೆಟ್ ಕಿತ್ತುಹಾಕಿದ ಹಳೆಯ ವಿಂಡೋಸ್ 10, ಕೊಬ್ಬರಿ ಲೆಕ್ಕಕ್ಕೆ ಮಾತ್ರ. ಮಗಳು ಮಿಂಟ್ ಕಡೆ ಕೂತು ಹಾಡು ರೆಕಾರ್ಡ್ ಮಾಡುತ್ತಾಳೆ. ಅವಳು ಎದ್ದ ಮೇಲೆ ಭಾವ ಯಂತ್ರವನ್ನು ಆಫ್ ಮಾಡಿ ಮತ್ತೆ ಹಚ್ಚಿ ವಿಂಡೋಸ್ ಆರಿಸಿಕೊಳ್ಳುತ್ತಾರೆ, ಅದು ಏಳುವ ತನಕ ಎಲೆಯಡಿಕೆ ಹಾಕಿಕೊಂಡು ಕಾಯುತ್ತಾರೆ.